ಕಿವಿ ಕೇಳಿಸದ ನನ್ನ ತಮ್ಮನಿಗೆ ಡಿಎಲ್ ಸಿಗುತ್ತದಾ? ತಿಳಿದವರು ಹೇಳಿ

ಕೆರೆ ಏರಿ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 23 ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಐದು ವರ್ಷದಿಂದ ಬೈಕ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಗಾಡಿ ಸ್ಟಾರ್ಟ್ ಮಾಡಿ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾನೆ. ಟ್ಯಾಪೆಟ್ ಸಡಿಲ ಆಗಿದೆಯಾ, ಚೈನ್ ಎಳೆಯುತ್ತಿದೆಯಾ ಅಂತ ಅಷ್ಟರಲ್ಲೇ ಅವನಿಗೆ ಗೊತ್ತಾಗುತ್ತದೆ. ಬೆರಳಿನಲ್ಲಿ ತೋರಿಸುತ್ತಾನೆ. ಬಿಚ್ಚಿ ನೋಡಿದರೆ ಅಲ್ಲೇ ಇರುತ್ತದೆ.

ಗಾಡಿ ಓಡಿಸುವುದನ್ನು ಊರ ಹೊರಗಿನ ಜಾತ್ರೆ ಮೈದಾನದಲ್ಲಿ ಕಲಿತ. ಎಂಟು ಹಾಕುವಾಗ ಕಾಲು ನೆಲಕ್ಕೆ ಊರುವುದೇ ಇಲ್ಲ. ಆದರೆ ರಿಪೇರಿ ಆದ ಗಾಡಿಯನ್ನು ರಸ್ತೆಯಲ್ಲಿ ಟ್ರಯಲ್ ನೋಡಬೇಕಾದರೆ ಬೇರೆ ಹುಡುಗನನ್ನು ಕರೆಯಬೇಕು. ಡಿಎಲ್ ಇಲ್ಲವಲ್ಲ. ಮಾಲೀಕರು ಒಳ್ಳೆಯವರು, ಡಿಎಲ್ ಮಾಡಿಸಿಕೊಂಡರೆ ಸಂಬಳ ಜಾಸ್ತಿ ಮಾಡುತ್ತೇನೆ ಎಂದಿದ್ದಾರೆ.

ಹೋದ ವಾರ ಅವನನ್ನು ಕರೆದುಕೊಂಡು ಆರ್‌ಟಿಒಗೆ ಹೋದೆ. ಕೌಂಟರಿನಲ್ಲಿದ್ದವರು ಅವನ ಅಂಗವಿಕಲರ ಕಾರ್ಡ್ ನೋಡಿದರು. ಅರ್ಜಿಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಕಿವಿ ಕೇಳಿಸದವರಿಗೆ ಕೊಡಲ್ಲಮ್ಮ, ರೂಲ್ಸ್ ಇಲ್ಲ" ಎಂದರು. ಹೊರಗೆ ಬಂದರೆ ಒಬ್ಬ ಏಜೆಂಟು, "ಫಾರಂನಲ್ಲಿ ಕಿವಿ ಕೇಳಿಸುತ್ತೆ ಅಂತ ಹಾಕೋಣ, 8 ಸಾವಿರ ಆಗುತ್ತೆ" ಎಂದ.

ತಮ್ಮ ಇಬ್ಬರ ಮುಖವನ್ನೂ ನೋಡುತ್ತಿದ್ದ. ಅವರು ಏನಂದರು ಅಂತ ಕೈಸನ್ನೆಯಲ್ಲಿ ಕೇಳಿದ. ಇವತ್ತು ರಜೆ ಅಂತ ಸುಳ್ಳು ಹೇಳಿದೆ. ಆ ಸುಳ್ಳು ಇನ್ನೂ ಚುಚ್ಚುತ್ತಿದೆ. ನಿಜವಾಗಿಯೂ ಕಾನೂನಿನಲ್ಲಿ ಜಾಗ ಇಲ್ಲವಾ?

ಹಳೇ ಜಾವಾ

ಅಕ್ಕಾ, ಆ ಏಜೆಂಟನ ಮಾತು ಮಾತ್ರ ಕೇಳಬೇಡಿ. ಕೈಮುಗಿದು ಹೇಳುತ್ತೇನೆ. ಉಳಿದದ್ದನ್ನು ವಕೀಲರು ಯಾರಾದರೂ ಹೇಳಲಿ.

ತಾಲ್ಲೂಕು ಕೋರ್ಟ್ ವಕೀಲ

ಜಾಗ ಇದೆ ತಾಯಿ. ಕೌಂಟರಿನವರು ಹೇಳಿದ್ದು ಹಳೇ ಕಾಲದ ಮಾತು.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 8ನೇ ಸೆಕ್ಷನ್ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಕೊಡುವ ಬಗ್ಗೆ ಇದೆ. ಅರ್ಜಿದಾರನ ಕಾಯಿಲೆಯಿಂದ ಅಥವಾ ಅಂಗವೈಕಲ್ಯದಿಂದ, ಅವನು ಆ ಗಾಡಿ ಓಡಿಸಿದರೆ ಜನರಿಗೆ ಅಪಾಯ ಆಗುವಂತಿದ್ದರೆ ಎಲ್‌ಎಲ್‌ಆರ್ ಕೊಡಬಾರದು ಎಂದು ಅಲ್ಲಿದೆ. ಗಮನಿಸಿ, ಕಿವುಡ ಎಂಬ ಪದ ಆ ಸೆಕ್ಷನ್‌ನಲ್ಲಿ ಇಲ್ಲವೇ ಇಲ್ಲ. ಅಪಾಯ ಆಗುತ್ತದಾ ಎಂಬುದೇ ಪ್ರಶ್ನೆ. ಕಿವಿಯ ಮಾತು ಬರುವುದು 1989ರ ನಿಯಮಗಳ ಜೊತೆ ಇರುವ ಫಾರಂ 1ರಲ್ಲಿ. ಅದು ನಾವೇ ಬರೆದುಕೊಡುವ ಆರೋಗ್ಯದ ಘೋಷಣೆ. ಮೂರ್ಛೆ ರೋಗ ಇದೆಯಾ, 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದಾ, ಇರುಳುಗಣ್ಣು ಇದೆಯಾ, ಸಾಮಾನ್ಯ ಹಾರ್ನ್ ಸದ್ದೂ ಕೇಳಿಸದಷ್ಟು ಕಿವುಡಾ, ಹೀಗೆ ಸಾಲಾಗಿ ಕೇಳುತ್ತಾರೆ. ಅಲ್ಲಿ "ಹೌದು" ಎಂದು ಬಿದ್ದರೆ ಫೈಲ್ ಮುಚ್ಚುವುದು ಅಭ್ಯಾಸ ಆಗಿಬಿಟ್ಟಿತ್ತು.

ಇದನ್ನು ಕಿವುಡರ ರಾಷ್ಟ್ರೀಯ ಸಂಘದವರು ದೆಹಲಿ ಹೈಕೋರ್ಟಿಗೆ ಒಯ್ದರು. 2011ರಲ್ಲಿ ತೀರ್ಪು ಬಂತು. ಕಿವಿ ಕೇಳಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬಾಗಿಲಲ್ಲೇ ತಡೆಯಬೇಡಿ, ಪರೀಕ್ಷೆ ಮಾಡಿ, ಪಾಸಾದರೆ ಡಿಎಲ್ ಕೊಡಿ ಎಂಬುದು ಅದರ ಸಾರ. ಆಮೇಲೆ 2016ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವೇ ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಗಾಡಿ ಓಡಿಸುವುದು ಹೆಚ್ಚಾಗಿ ಕಣ್ಣಿನ ಕೆಲಸ, ಕಿವಿಯ ಪಾಲು ಕಡಿಮೆ ಎಂದು ಅದರಲ್ಲಿ ತಿಳಿಸಿತ್ತು.

ಈಗ ನೀವು ಮಾಡಬೇಕಾದದ್ದು. ಅರ್ಜಿಯಲ್ಲಿ ನಿಜವನ್ನೇ ಬರೆಯಿರಿ. ಆ ಪತ್ರದ ಪ್ರತಿ ಮತ್ತು ತೀರ್ಪಿನ ಪ್ರತಿ ಜೊತೆಗಿಡಿ. ಮತ್ತೆ ಆಗಲ್ಲ ಎಂದರೆ ಜಗಳ ಆಡಬೇಡಿ. "ಸರ್, ಆಗಲ್ಲ ಅಂತ ಬರೆದುಕೊಡಿ" ಎಂದಷ್ಟೇ ಕೇಳಿ. ಇದು ನಿಮ್ಮ ಹಕ್ಕು. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಎಲ್‌ಎಲ್‌ಆರ್ ಆಗಲಿ ಡಿಎಲ್ ಆಗಲಿ ನಿರಾಕರಿಸಿದರೆ ಕಾರಣ ಸಮೇತ ಲಿಖಿತ ಆದೇಶ ಕೊಡಲೇಬೇಕು. ಆ ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ನನ್ನ ಅನುಭವದಲ್ಲಿ, ಬರೆದುಕೊಡಿ ಎಂದ ಕೂಡಲೇ ಅರ್ಧ ಕೆಲಸ ಆಗುತ್ತದೆ. ಬಾಯಲ್ಲಿ ಇಲ್ಲ ಅನ್ನುವುದು ಸುಲಭ. ಸಹಿ ಹಾಕಿ ಇಲ್ಲ ಅನ್ನುವಾಗ ಯಾರಾದರೂ ಒಮ್ಮೆ ರೂಲ್ಸ್ ಪುಸ್ತಕ ತೆರೆಯುತ್ತಾರೆ.

ಘಾಟಿ ಲಾರಿ ಚಂದ್ರಣ್ಣ

ತಂಗೀ, ನಿನ್ನ ಮನಸ್ಸು ನೋಯಿಸಲು ಬರೆಯುತ್ತಿಲ್ಲ. 28 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ, ಶಿರಾಡಿ ಘಾಟಿ ನನ್ನ ದಿನದ ದಾರಿ. ತಿರುವಿನಲ್ಲಿ ಎದುರಿನ ಗಾಡಿ ಕಾಣುವ ಮೊದಲೇ ಹಾರ್ನ್ ಕೇಳಿಸುತ್ತದೆ. ಮಂಜು ಮುಸುಕಿದಾಗ ಅದೇ ನಮಗೆ ಕಣ್ಣು. ಆ ಹುಡುಗನ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ. ಹಿಂದಿನಿಂದ ಆಂಬುಲೆನ್ಸ್ ಬಂದರೆ ಅವನು ಏನು ಮಾಡುತ್ತಾನೆ? ಕೋರ್ಟಿನವರು ಘಾಟಿ ಇಳಿಯುವುದಿಲ್ಲ ಅಲ್ವಾ.

ಮೌನ ಸವಾರ

ಚಂದ್ರಣ್ಣ, ನಾನೇ ಉತ್ತರ ಕೊಡುತ್ತೇನೆ. ನನಗೂ ಕಿವಿ ಕೇಳಿಸುವುದಿಲ್ಲ. 2018ರಲ್ಲಿ ಡಿಎಲ್ ಸಿಕ್ಕಿತು. ಮೊದಲು ಬೈಕ್, ಈಗ ಕಾರೂ ಓಡಿಸುತ್ತೇನೆ.

ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ನಾನು ಮಾಡುವುದು ಇಷ್ಟು. ಎರಡೂ ಕಡೆಯ ಕನ್ನಡಿಯ ಮೂಲೆಗೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಉಬ್ಬು ಕನ್ನಡಿ ಅಂಟಿಸಿದ್ದೇನೆ. ಪಕ್ಕದ ಗಾಡಿ ಅದರಲ್ಲಿ ಮೊದಲೇ ಕಾಣುತ್ತದೆ. ನಾಲ್ಕೈದು ಸೆಕೆಂಡಿಗೆ ಒಮ್ಮೆ ಬಲ, ಎಡ, ನಡು ಕನ್ನಡಿ ನೋಡುತ್ತೇನೆ. ಇದು ಈಗ ರೆಪ್ಪೆ ಮಿಟುಕಿಸಿದಷ್ಟೇ ಸಹಜ. ಆಂಬುಲೆನ್ಸ್ ಬಂದರೆ ಎರಡು ಗುರುತು. ಒಂದು, ಕನ್ನಡಿಯಲ್ಲಿ ದೀಪ ಹೊಳೆಯುತ್ತದೆ. ಎರಡು, ಅದಕ್ಕೂ ಮೊದಲು ಸುತ್ತಲಿನ ಗಾಡಿಗಳ ನಡೆ ಬದಲಾಗುತ್ತದೆ. ಆಟೋದವರು ಸುಮ್ನೆ ಎಡಕ್ಕೆ ಸರಿಯುವುದಿಲ್ಲ. ಅವರು ಸರಿದರೆ ನಾನೂ ಸರಿಯುತ್ತೇನೆ. ಸಿಗ್ನಲ್‌ನಲ್ಲಿ ನಿಂತ ಜನ ಯಾವ ಕಡೆ ಕತ್ತು ತಿರುಗಿಸುತ್ತಾರೆ ಎಂದು ನೋಡುತ್ತೇನೆ.

ಘಾಟಿ ತಿರುವಿನ ವಿಷಯದಲ್ಲಿ ನಿಮ್ಮ ಮಾತು ನಿಜ. ಅಲ್ಲಿ ನಾನು ಬಹಳ ನಿಧಾನ. ನನ್ನ ಪಟ್ಟೆ ಬಿಟ್ಟು ಆಚೆ ಹೋಗುವುದಿಲ್ಲ. ರಾತ್ರಿಯಾದರೆ ಎದುರಿನ ಲೈಟು ಬಂಡೆಯ ಮೇಲೆ ಬೀಳುವುದು ಕಾಣುತ್ತದೆ. ಮಂಜಿದ್ದರೆ ಗಾಡಿ ತೆಗೆಯುವುದೇ ಇಲ್ಲ.

ಅಕ್ಕಾ, ಟೆಸ್ಟ್ ಬಗ್ಗೆ ನಿಮಗೆ ಹೇಳಬೇಕು. ಎಲ್‌ಎಲ್‌ಆರ್ ಪರೀಕ್ಷೆ ಕಂಪ್ಯೂಟರಿನಲ್ಲಿ ಇರುತ್ತದೆ, ಓದಿ ಒತ್ತಿದರೆ ಆಯಿತು. ಟೆಸ್ಟ್ ದಿನ ಬ್ರೇಕ್ ಇನ್ಸ್‌ಪೆಕ್ಟರ್ ಮಾತಿನಲ್ಲಿ ಹೇಳುತ್ತಾರೆ, ಅಲ್ಲೇ ತೊಂದರೆ. ನಾನು ಒಂದು ಚೀಟಿಯಲ್ಲಿ "ಸರ್, ನನಗೆ ಕಿವಿ ಕೇಳಿಸುವುದಿಲ್ಲ. ಗಾಡಿ ತೆಗೆಯುವ ಮೊದಲೇ ಎಲ್ಲ ಹೇಳಿ. ಮಧ್ಯದಲ್ಲಿ ನಿಲ್ಲಿಸಬೇಕಾದರೆ ಕೈ ಎತ್ತಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಓದಿದರು. ನೆಲದ ಮೇಲೆ ಕಡ್ಡಿಯಲ್ಲಿ ದಾರಿ ಗೀಚಿ ತೋರಿಸಿದರು. ಮುಗಿದ ಮೇಲೆ ಹೆಬ್ಬೆರಳು ಎತ್ತಿದರು. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಇನ್ನೊಂದು. ತಮ್ಮನಿಗೆ ನಿಜ ಹೇಳಿಬಿಡಿ. ನಮ್ಮಂಥವರಿಗೆ ಮನೆಯವರು ಮುಚ್ಚಿಟ್ಟದ್ದು ಮುಖದಲ್ಲೇ ಕಾಣುತ್ತದೆ.

ಕೆರೆ ಏರಿ ಅಕ್ಕ

ನಿಮ್ಮ ಬರಹವನ್ನು ಹಾಗೇ ತಮ್ಮನಿಗೆ ತೋರಿಸಿದೆ. ಎರಡು ಸಲ ಓದಿದ. ರಜೆ ಇರಲಿಲ್ಲ ಅಂತ ತನಗೆ ಅವತ್ತೇ ಗೊತ್ತಿತ್ತು ಎಂದ.

ಧಾರವಾಡ ಫೇಡಾ

ಅಕ್ಕಾರ, ನಂದೂ ಇಂಥದ್ದೇ ಕಥೆ. ಆದರೆ ಕಿವಿ ಅಲ್ಲ, ಬಣ್ಣ.

ನನಗೆ ಕೆಂಪು ಮತ್ತು ಹಸಿರು ಒಂದರೊಳಗೆ ಒಂದು ಕಲೆತು ಕಾಣುತ್ತವೆ. ಮಾಗಿದ ಟೊಮೆಟೊ ಯಾವುದು, ಕಾಯಿ ಯಾವುದು ಅಂತ ಸಂತೆಯಲ್ಲಿ ಒತ್ತಿ ನೋಡಿಯೇ ಹೇಳಬೇಕು. 2012ರಲ್ಲಿ ಡಿಎಲ್‌ಗೆ ಹೋದಾಗ ಒಬ್ಬರು ಚುಕ್ಕೆಚುಕ್ಕೆಯ ಪುಸ್ತಕ ಹಿಡಿದು ಒಳಗಿನ ಅಂಕಿ ಓದು ಎಂದರು. ನನಗೆ ಬರೀ ಚುಕ್ಕೆ ಕಂಡವು. ಮುಗಿಯಿತು. ಆಗ ಫಾರಂ 1ರಲ್ಲೇ ಕೆಂಪು, ಹಸಿರು ಬಣ್ಣ ಬೇರೆಬೇರೆಯಾಗಿ ಗುರುತಿಸಬಲ್ಲಿರಾ ಅಂತ ಒಂದು ಪ್ರಶ್ನೆ ಇತ್ತು. ಗಾಡಿ ಹೇಗೆ ಓಡಿಸುತ್ತೀ ಅಂತ ಒಬ್ಬರೂ ನೋಡಲಿಲ್ಲ.

ಎಂಟು ವರ್ಷ ಸೈಕಲ್ ಮತ್ತು ಬಸ್ಸಿನಲ್ಲಿ ಕಳೆದೆ. ಹೆಂಡತಿಗೆ ಹೆರಿಗೆ ನೋವು ಬಂದ ರಾತ್ರಿ ಮನೆ ಮುಂದೆ ಮಾವನವರ ಕಾರು ನಿಂತಿತ್ತು, ನಾನು ಆಟೋ ಹುಡುಕುತ್ತ ರಸ್ತೆಯಲ್ಲಿ ಓಡುತ್ತಿದ್ದೆ.

2020ರ ಜೂನ್ 24ರಂದು ಕೇಂದ್ರ ಅಧಿಸೂಚನೆ ಹೊರಡಿಸಿತು. ಬಣ್ಣಗುರುಡು ಸಣ್ಣ ಮಟ್ಟದ್ದು ಅಥವಾ ಮಧ್ಯಮ ಮಟ್ಟದ್ದಾದರೆ ಡಿಎಲ್ ಕೊಡಬಹುದು, ತೀವ್ರವಾಗಿದ್ದರೆ ಮಾತ್ರ ಇಲ್ಲ ಎಂದು ಫಾರಂಗಳನ್ನೇ ತಿದ್ದಿದರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ನಂದು ಮಧ್ಯಮ ಎಂದು ಬರೆದುಕೊಟ್ಟರು. ಈಗ ಡಿಎಲ್ ಇದೆ. ಸಿಗ್ನಲ್ ಹೇಗೆ ನೋಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಬಣ್ಣ ಅಲ್ಲ, ಜಾಗ ನೋಡುತ್ತೇನೆ. ಮೇಲೆ ಉರಿದರೆ ನಿಲ್ಲು, ಕೆಳಗೆ ಉರಿದರೆ ಹೋಗು. ರಾತ್ರಿ ದೂರದಿಂದ ಒಂದೇ ದೀಪ ಮಿನುಗುವ ಕಡೆ ಮಾತ್ರ ಕಷ್ಟ, ಅಲ್ಲಿ ಹೇಗೂ ನಿಧಾನ ಮಾಡುತ್ತೇನೆ.

ಹಳೇ ಜಾವಾ

ಆಟೋ ಹುಡುಕುತ್ತ ಓಡಿದ ಸಾಲು ಓದಿ ಮುಂದೆ ಓದಲಾಗಲಿಲ್ಲ ಅಣ್ಣ. ಮಗು ಚೆನ್ನಾಗಿದೆಯಾ?

ಧಾರವಾಡ ಫೇಡಾ

ಚೆನ್ನಾಗಿದ್ದಾಳ್ರೀ. ಈಗ ಅವಳನ್ನು ಶಾಲೆಗೆ ನಾನೇ ಬಿಡುತ್ತೇನೆ.

ಬಿಳಿ ಸ್ಕೂಟಿ

ನನಗೆ ಪೋಲಿಯೊ ಆಗಿ ಬಲಗಾಲಿಗೆ ಶಕ್ತಿ ಇಲ್ಲ. ಹಿಂದೆ ಎರಡು ಚಕ್ರ ಜಾಸ್ತಿ ಕೂಡಿಸಿದ ಸ್ಕೂಟರ್ ಓಡಿಸುತ್ತೇನೆ. ವಕೀಲರು ಹೇಳಿದ 8ನೇ ಸೆಕ್ಷನ್‌ನಲ್ಲೇ ನಮಗೂ ಒಂದು ಬಾಗಿಲಿದೆ. ಸಾಮಾನ್ಯ ಗಾಡಿ ಓಡಿಸಲು ಆಗದಿದ್ದರೂ, ನಮ್ಮ ಶರೀರಕ್ಕೆ ಹೊಂದಿಸಿದ ಗಾಡಿ ಓಡಿಸಲು ಆಗುವುದಾದರೆ ಅದಕ್ಕಷ್ಟೇ ಲೈಸೆನ್ಸ್ ಕೊಡಬಹುದು. ಹಿಂದೆ ಇದನ್ನು ಇನ್‌ವ್ಯಾಲಿಡ್ ಕ್ಯಾರೇಜ್, ಅಂದರೆ ಅಶಕ್ತರ ಗಾಡಿ ಎನ್ನುತ್ತಿದ್ದರು. 2019ರ ತಿದ್ದುಪಡಿಯಲ್ಲಿ ಅಡಾಪ್ಟೆಡ್ ವೆಹಿಕಲ್, ಅಂದರೆ ಹೊಂದಿಸಿದ ಗಾಡಿ ಎಂದು ಬದಲಾಯಿಸಿದರು. ಹೆಸರು ಬದಲಾದದ್ದು ಸಣ್ಣ ವಿಷಯ ಅಲ್ಲ. ನನ್ನ ಹಳೇ ಡಿಎಲ್ ತೆಗೆದು ತೋರಿಸುವಾಗೆಲ್ಲ ಆ ಪದ ಓದಿ ಪೊಲೀಸರು ನನ್ನ ಕಾಲು ನೋಡುತ್ತಿದ್ದರು.

ಕಷ್ಟ ಇರುವುದು ಬೇರೆ ಕಡೆ. ಮೊದಲು ಗಾಡಿ ಕೊಳ್ಳಬೇಕು. ಆಮೇಲೆ ಚಕ್ರ ಹಾಕಿಸಬೇಕು. ಆ ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಬೇಕು. ಅದೇ ಗಾಡಿ ತಂದು ಟೆಸ್ಟ್ ಕೊಡಬೇಕು. ಲೈಸೆನ್ಸ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಅಷ್ಟೂ ದುಡ್ಡು ಮೊದಲೇ ಸುರಿಯಬೇಕು. ಅಮ್ಮ ಬಳೆ ಅಡವಿಟ್ಟು ಕೊಟ್ಟಿದ್ದರು.

ಧೈರ್ಯಕ್ಕೆ ಒಂದು ಮಾತು. ಕೇರಳದ ಜಿಲುಮೋಳ್ ಅವರಿಗೆ ಹುಟ್ಟಿನಿಂದ ಎರಡೂ ಕೈ ಇಲ್ಲ. ಕಾಲಿನಲ್ಲೇ ಕಾರು ಓಡಿಸಿ ತೋರಿಸಿ 2023ರ ಡಿಸೆಂಬರಿನಲ್ಲಿ ಡಿಎಲ್ ಪಡೆದರು. ಅದಕ್ಕಾಗಿ ಅವರು ವರ್ಷಗಟ್ಟಲೆ ಓಡಾಡಬೇಕಾಯಿತು. ನಿಮ್ಮ ತಮ್ಮನಿಗೆ ಎರಡು ಕೈ, ಎರಡು ಕಾಲು, ಎರಡು ಕಣ್ಣು ಎಲ್ಲ ಇವೆ ಅಕ್ಕ.

ಮಲೆನಾಡ ಮೇಷ್ಟ್ರಮ್ಮ

ಎಲ್ಲರ ಬರಹ ಓದಿದೆ. ನಾನು ಇನ್ನೊಂದು ಕಡೆಯಿಂದ ಬರೆಯುತ್ತಿದ್ದೇನೆ. ನನಗೆ ಡಿಎಲ್ ಸಿಕ್ಕಿಲ್ಲ. ಸಿಗಬೇಕಾ ಎಂಬುದೂ ನನಗೇ ಖಚಿತ ಇಲ್ಲ.

19ನೇ ವಯಸ್ಸಿನಲ್ಲಿ ಮೂರ್ಛೆ ರೋಗ ಶುರುವಾಯಿತು. ಔಷಧಿ ಹಿಡಿಯಿತು. ಕೊನೆಯ ಸಲ ಬಂದು ಏಳು ವರ್ಷ ಆಯಿತು. ಶಾಲೆ ನಮ್ಮೂರಿನಿಂದ 11 ಕಿಲೋಮೀಟರ್. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಅದು ತಪ್ಪಿದರೆ ಅಡಿಕೆ ತೋಟದ ನಡುವೆ ನಡೆದುಕೊಂಡೇ ಬರಬೇಕು. ಸ್ಕೂಟಿ ಇದ್ದರೆ ಎಂಥ ಅನುಕೂಲ ಹೇಳಿ.

ಫಾರಂ 1ರ ಮೊದಲ ಪ್ರಶ್ನೆಯೇ ನನ್ನದು. ಮೂರ್ಛೆ ರೋಗವಾಗಲಿ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದಾಗಲಿ ಇದೆಯಾ ಎಂದು. ಡ್ರೈವಿಂಗ್ ಸ್ಕೂಲಿನವರು, ಪರಿಚಯದವರು, ಕಡೆಗೆ ನನ್ನ ಸ್ವಂತ ಚಿಕ್ಕಪ್ಪ ಕೂಡ "ಇಲ್ಲ ಅಂತ ಹಾಕು, ಯಾರು ನೋಡ್ತಾರೆ" ಎಂದರು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ನನ್ನ ಕ್ಲಾಸಿನ ಮಕ್ಕಳು ಸಂಜೆ ಅದೇ ರಸ್ತೆಯ ಪಕ್ಕದಲ್ಲಿ ಸಾಲಾಗಿ ನಡೆದು ಹೋಗುತ್ತಾರೆ. ಅದು ಕಣ್ಣ ಮುಂದೆ ಬಂತು. "ಹೌದು" ಎಂದು ಬರೆದೆ. ಡಿಎಲ್ ಸಿಗಲಿಲ್ಲ.

ನನ್ನ ಡಾಕ್ಟರು ಒಂದು ವಿಷಯ ಹೇಳಿದರು. ಬ್ರಿಟನ್ನಿನಲ್ಲಿ ಒಂದು ವರ್ಷ ಮೂರ್ಛೆ ಬಾರದಿದ್ದರೆ ಕಾರು ಓಡಿಸಲು ಬಿಡುತ್ತಾರಂತೆ. ಲಾರಿ, ಬಸ್ಸಿಗಾದರೆ ಹತ್ತು ವರ್ಷ, ಅದೂ ಔಷಧಿ ಇಲ್ಲದೆ. ನಮ್ಮಲ್ಲಿ ಅಂಥ ಲೆಕ್ಕ ಇದೆಯಾ ವಕೀಲರೇ?

ತಾಲ್ಲೂಕು ಕೋರ್ಟ್ ವಕೀಲ

ಇಲ್ಲ ಮೇಡಂ. ನಮ್ಮ ಫಾರಂನಲ್ಲಿ ಹೌದು ಅಥವಾ ಇಲ್ಲ, ಎರಡೇ ಮನೆ. ಕೊನೆಯ ಸಲ ಯಾವಾಗ ಬಂತು, ಔಷಧಿ ನಡೆಯುತ್ತಿದೆಯಾ ಎಂದು ಬರೆಯಲು ಜಾಗವೇ ಇಲ್ಲ. ನಿನ್ನೆ ಬಂದವನೂ ಏಳು ವರ್ಷ ಬಾರದವರೂ ಒಂದೇ ಸಾಲಿನಲ್ಲಿ. ಇದು ಕಾನೂನಿನ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಇಷ್ಟು ಕಟ್ಟುನಿಟ್ಟಾಗಿದ್ದರೆ ಜನ ಸುಳ್ಳು ಬರೆಯುತ್ತಾರೆ. ಡಾಕ್ಟರಿಗೂ ಹೇಳದೆ ಮುಚ್ಚಿಡುತ್ತಾರೆ. ಅದರಿಂದ ಅಪಾಯ ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ವರ್ಷದ ಲೆಕ್ಕ ಇಟ್ಟು, ನರರೋಗ ತಜ್ಞರ ಪತ್ರ ತಂದವರನ್ನು ಪರಿಗಣಿಸುವ ದಾರಿ ಇರಬೇಕಿತ್ತು.

ನೀವು ನಿಜ ಬರೆದಿರಿ. ನಿಮಗೆ ನಮಸ್ಕಾರ.

ಕುಂದಾಪ್ರ ಮಾಣಿ

ಟೀಚರ್, ನಿಮ್ಮ ಶಾಲೆಯ ಕಡೆ ಹೋಗುವ ಬೇರೆ ಮೇಷ್ಟ್ರು ಯಾರಾದರೂ ಇದ್ದಾರಾ, ಪೆಟ್ರೋಲ್ ಖರ್ಚು ಹಂಚಿಕೊಂಡು ಹೋಗಬಹುದಲ್ಲ? ಇನ್ನೊಂದು, 25 ಕಿಲೋಮೀಟರ್ ವೇಗ ಮೀರದ, 250 ವ್ಯಾಟ್ ಒಳಗಿನ ಎಲೆಕ್ಟ್ರಿಕ್ ಸ್ಕೂಟರಿಗೆ ಡಿಎಲ್ ಬೇಡ ಅಲ್ವಾ?

ಮಲೆನಾಡ ಮೇಷ್ಟ್ರಮ್ಮ

ಡಿಎಲ್ ಬೇಡ ಎಂಬುದು ನನಗೂ ಗೊತ್ತಿತ್ತು ತಮ್ಮಾ. ಆದರೆ ಪ್ರಜ್ಞೆ ತಪ್ಪಿದರೆ ಬೀಳುವುದು ಅದರಿಂದಲೂ ಬೀಳುತ್ತೇನೆ. ಡಾಕ್ಟರು ಬೇಡ ಎಂದರು. ಪಕ್ಕದೂರಿನ ಮೇಷ್ಟ್ರೊಬ್ಬರು ವಾರದಲ್ಲಿ ಮೂರು ದಿನ ಕರೆದುಕೊಂಡು ಹೋಗುತ್ತಾರೆ.

ಬೆಣ್ಣೆ ದೋಸೆ ಅಪ್ಪ

ಇಲ್ಲಿ ಅಂಗವಿಕಲರ ವಿಷಯ ಮಾತಾಡುತ್ತಿದ್ದೀರಿ. ನಾನು ವಯಸ್ಸಿನ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ, ಕ್ಷಮಿಸಿ.

ನನ್ನ ಮಗನಿಗೆ ಆಗ 16 ವರ್ಷ, ಪಿಯುಸಿ. ಟ್ಯೂಷನ್‌ಗೆ ಅಂತ ನನ್ನ 110 ಸಿಸಿ ಸ್ಕೂಟರ್ ಕೊಟ್ಟೆ. 16 ದಾಟಿದರೆ ಗೇರ್ ಇಲ್ಲದ್ದು ಓಡಿಸಬಹುದು ಎಂದು ಯಾರೋ ಹೇಳಿದ್ದನ್ನು ನಂಬಿದ್ದೆ. ಕಾನೂನಿನಲ್ಲಿ ಇರುವುದು ಬೇರೆ. 16 ತುಂಬಿದವರಿಗೆ 50 ಸಿಸಿ ಮೀರದ ಗಾಡಿ ಮಾತ್ರ, ಅದೂ ಅಪ್ಪ ಅಮ್ಮನ ಒಪ್ಪಿಗೆ ಬರೆದುಕೊಟ್ಟು, ಲೈಸೆನ್ಸ್ ಪಡೆದು. ಈಗ ಅಂಗಡಿಯಲ್ಲಿ ಸಿಗುವ ಪೆಟ್ರೋಲ್ ಸ್ಕೂಟರುಗಳೆಲ್ಲ ಅದರ ಎರಡರಷ್ಟು ಸಿಸಿ. ಅಂದರೆ 18 ಆಗುವವರೆಗೆ ಇಲ್ಲ ಎಂದೇ ಲೆಕ್ಕ.

ಪೊಲೀಸರು ಹಿಡಿದರು. ಯಾರಿಗೂ ಪೆಟ್ಟಾಗಿರಲಿಲ್ಲ, ದೇವರು ದೊಡ್ಡವನು. ಕೋರ್ಟಿನಲ್ಲಿ 25,000 ರೂಪಾಯಿ ದಂಡ ಕಟ್ಟಿದೆ. 2019ರ ತಿದ್ದುಪಡಿಯಲ್ಲಿ 199ಎ ಎಂಬ ಸೆಕ್ಷನ್ ಬಂದಿದೆ. ಅಪ್ರಾಪ್ತರು ಅಪರಾಧ ಮಾಡಿದರೆ ಗಾಡಿ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲೂ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಎಲ್ಲಕ್ಕಿಂತ ದೊಡ್ಡದು, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ, ಎಲ್‌ಎಲ್‌ಆರ್ ಕೂಡ ಇಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17ರ ಹುಡುಗ ಕಾರು ಗುದ್ದಿಸಿ ಇಬ್ಬರು ಸತ್ತಾಗ ಎಲ್ಲರೂ ಈ ಸೆಕ್ಷನ್ ಬಗ್ಗೆ ಮಾತಾಡಿದರು. ನನಗೆ ಅದು ಮೊದಲೇ ಮನೆಯೊಳಗೆ ಬಂದು ಕೂತಿತ್ತು.

ಮಗ ಈಗ ಡಿಗ್ರಿ ಮುಗಿಸಿದ್ದಾನೆ. ಮಾರ್ಕೆಟಿಂಗ್ ಕೆಲಸಕ್ಕೆ ಕರೆದರು, ಟೂ ವೀಲರ್ ಲೈಸೆನ್ಸ್ ಇದೆಯಾ ಎಂದರು. ಇಲ್ಲ ಎಂದ. ಯಾಕೆ ಎಂದರು. ಅವನು ನನ್ನ ಹೆಸರು ಹೇಳಲಿಲ್ಲ. ಮನೆಗೆ ಬಂದು ಸುಮ್ನೆ ಊಟ ಮಾಡಿದ. ತಪ್ಪು ನನ್ನದು, ಬೀಗದ ಕೈ ಕೊಟ್ಟವನು ನಾನು.

ಅಕ್ಕಾ, ನಿಮ್ಮ ತಮ್ಮ ಡಿಎಲ್ ಇಲ್ಲದೆ ರಸ್ತೆಗೆ ಗಾಡಿ ಇಳಿಸಿಲ್ಲ ಎಂದು ಬರೆದಿದ್ದೀರಿ. ಆ ಹುಡುಗನ ಬಗ್ಗೆ ನನಗೆ ತುಂಬ ಗೌರವ.

ಹಳೇ ಜಾವಾ

ಅಣ್ಣ, ಇದನ್ನು ಪ್ರತಿ ಕಾಲೇಜಿನ ಗೇಟಿಗೆ ಅಂಟಿಸಬೇಕು. ವಕೀಲರೇ, ಡಿಎಲ್ ಇಲ್ಲದವನು ಗುದ್ದಿದರೆ ಇನ್ಶೂರೆನ್ಸ್ ಬರುವುದೇ ಇಲ್ಲವಾ?

ತಾಲ್ಲೂಕು ಕೋರ್ಟ್ ವಕೀಲ

ಪೆಟ್ಟು ತಿಂದವರಿಗೆ ಸಾಮಾನ್ಯವಾಗಿ ಸಿಗುತ್ತದೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಕಂಪನಿ ಮೊದಲು ಪರಿಹಾರ ಕೊಡಬೇಕು. ಮಾಲೀಕನೇ ಗೊತ್ತಿದ್ದೂ ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟಿದ್ದರೆ ಆ ದುಡ್ಡನ್ನು ಅವನಿಂದ ವಸೂಲಿ ಮಾಡಬಹುದು. ಹೊಲ, ಮನೆ ಮಾರಿ ಕಟ್ಟಿದವರನ್ನು ನೋಡಿದ್ದೇನೆ. ಅದಕ್ಕೇ ಆ ಏಜೆಂಟ್ ಹೇಳಿದ 8 ಸಾವಿರದ ದಾರಿ ಬೇಡ ಅಂದದ್ದು. ಫಾರಂನಲ್ಲಿ ಸುಳ್ಳು ಬರೆದು ಪಡೆದ ಡಿಎಲ್ ಬೇಕಾದ ದಿನವೇ ಕೈಕೊಡಬಹುದು.

ಘಾಟಿ ಲಾರಿ ಚಂದ್ರಣ್ಣ

ಮೂರು ದಿನ ಟ್ರಿಪ್‌ನಲ್ಲಿದ್ದೆ. ಮೌನ ಸವಾರ ಅವರು ಬರೆದದ್ದು ತಲೆಯಲ್ಲೇ ಇತ್ತು. ಹಾಸನದಿಂದ ಮಂಗಳೂರಿಗೆ ಇಳಿಯುವಾಗ ಬೇಕೆಂದೇ ಲೆಕ್ಕ ಇಟ್ಟೆ. ಎಷ್ಟು ಸಲ ಕಿವಿಯಿಂದ ಗೊತ್ತಾಗಿ ಬ್ರೇಕ್ ಹಾಕಿದೆ, ಎಷ್ಟು ಸಲ ಕಣ್ಣಿನಿಂದ ಅಂತ. ಇಡೀ ದಾರಿಯಲ್ಲಿ ಹಾರ್ನ್ ಕೇಳಿ ನಾನು ಏನಾದರೂ ಮಾಡಿದ್ದು ಎರಡೇ ಸಲ. ಉಳಿದದ್ದೆಲ್ಲ ಕಣ್ಣು, ಕನ್ನಡಿ. ಇಂಜಿನ್ ಸದ್ದಿನಲ್ಲಿ ನನಗೂ ಅರ್ಧಕ್ಕರ್ಧ ಕೇಳಿಸುವುದೇ ಇಲ್ಲ.

ಬೈಕು, ಕಾರಿಗೆ ಇನ್ನು ನನ್ನ ತಕರಾರಿಲ್ಲ. ಆದರೆ ಹೆವಿ ಗಾಡಿ ವಿಷಯ ಬೇರೆ. ಬ್ರೇಕಿನ ಏರ್ ಲೀಕ್ ಆದರೆ ಮೊದಲು ಕಿವಿಗೇ ಗೊತ್ತಾಗುವುದು. ಹಿಂದಿನ ಟೈರು ಸಿಡಿದದ್ದೂ ಅಷ್ಟೇ. ಅಲ್ಲಿ ಎಚ್ಚರ ಇರಲಿ ಎಂಬ ಮಾತು ಬಿಡುವುದಿಲ್ಲ.

ಸುಮ್ನೆ ಅಡ್ಡ ಹಾಕುವ ರೂಲ್ಸ್ ಇರುತ್ತವೆ ಎಂಬುದು ನನಗೂ ಗೊತ್ತಿದೆ ತಂಗೀ. ನನ್ನ ಅಕ್ಕನ ಮಗ ಆರನೇ ಕ್ಲಾಸಿಗೇ ಶಾಲೆ ಬಿಟ್ಟ. ಲಾರಿ ಕ್ಲೀನರ್ ಆಗಿ ನನ್ನ ಜೊತೆ ಬೆಳೆದ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ಎಂಟನೇ ಕ್ಲಾಸ್ ಪಾಸ್ ಬೇಕು ಎಂದು ಅವನನ್ನು ವಾಪಸ್ ಕಳಿಸಿದರು. ಅವನಷ್ಟು ಚೆನ್ನಾಗಿ ರಿವರ್ಸ್ ತೆಗೆಯುವವನನ್ನು ನಾನು ಕಂಡಿಲ್ಲ. 2019ರಲ್ಲಿ ಆ ಎಂಟನೇ ಕ್ಲಾಸಿನ ರೂಲ್ಸ್ ತೆಗೆದರು. ಹರಿಯಾಣದ ಮೇವಾತ್ ಕಡೆಯ ಡ್ರೈವರುಗಳ ಪರವಾಗಿ ಅಲ್ಲಿನ ಸರ್ಕಾರ ಕೇಳಿತ್ತಂತೆ. ಅವರಿಗೆ ಪುಣ್ಯ ಬರಲಿ. ಈಗ ಅಕ್ಕನ ಮಗ ತನ್ನದೇ ಗಾಡಿ ಓಡಿಸುತ್ತಿದ್ದಾನೆ.

ಕುಂದಾಪ್ರ ಮಾಣಿ

ಚಂದ್ರಣ್ಣ, ಟ್ರಾನ್ಸ್‌ಪೋರ್ಟ್‌ಗೆ ಬೇರೆ ಏನೇನು ನಿಬಂಧನೆ ಇದೆ? ನಾನು ಪಿಕಪ್ ಗಾಡಿ ತಗೊಳ್ಳಬೇಕು ಅಂತಿದ್ದೇನೆ.

ತಾಲ್ಲೂಕು ಕೋರ್ಟ್ ವಕೀಲ

ನಾನು ಹೇಳುತ್ತೇನೆ. ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸುವವನಿಗೆ 20 ವರ್ಷ ಆಗಿರಬೇಕು. ಅದರ ಎಲ್‌ಎಲ್‌ಆರ್ ಬೇಕಾದರೆ ಅದಕ್ಕೂ ಮೊದಲು ಕನಿಷ್ಠ ಒಂದು ವರ್ಷ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇರಬೇಕು. ಡಾಕ್ಟರ್ ಸಹಿ ಮಾಡಿದ ಫಾರಂ 1ಎ ಬೇಕು. ಆದರೆ ನಿಮ್ಮ ಪಿಕಪ್ ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಎಲ್‌ಎಂವಿ ಲೈಸೆನ್ಸೇ ಸಾಕು. 2017ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದಿತ್ತು, 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು.

ಕೆರೆ ಏರಿ ಅಕ್ಕ

ಎಲ್ಲರಿಗೂ ತಿಳಿಸಬೇಕು ಅಂತ ಓಡೋಡಿ ಬಂದು ಬರೆಯುತ್ತಿದ್ದೇನೆ.

ಸೋಮವಾರ ಮತ್ತೆ ಹೋದೆವು. ಈ ಸಲ ತಮ್ಮನೇ ಮುಂದೆ ನಿಂತ, ನಾನು ಹಿಂದೆ. ಫೈಲಿನಲ್ಲಿ ತೀರ್ಪಿನ ಪ್ರತಿ, ಸಚಿವಾಲಯದ ಪತ್ರ, ಕಿವಿ ಡಾಕ್ಟರ ಸರ್ಟಿಫಿಕೇಟ್ ಎಲ್ಲ ಇತ್ತು. ಅದೇ ಕೌಂಟರು, ಅದೇ ಮನುಷ್ಯ. ಆಗಲ್ಲ ಎಂದು ತಲೆ ಅಲ್ಲಾಡಿಸಿದರು. ತಮ್ಮ ಜೇಬಿನಿಂದ ಚೀಟಿ ತೆಗೆದು ಕೊಟ್ಟ. "ದಯವಿಟ್ಟು ಕಾರಣ ಬರೆದುಕೊಡಿ. ಸೆಕ್ಷನ್ 17" ಎಂದು ಅವನೇ ಬರೆದಿದ್ದ. ನನಗೂ ತೋರಿಸಿರಲಿಲ್ಲ.

ಅವರು ಚೀಟಿ ಹಿಡಿದುಕೊಂಡು ಒಳಗೆ ಹೋದರು. 20 ನಿಮಿಷ ಆಯಿತು. ಒಳಗಿನಿಂದ ದೊಡ್ಡ ಸಾಹೇಬರೇ ಬಂದರು. ಪತ್ರ ಓದಿದರು. "ಕೂರಿಸಿ, ಪರೀಕ್ಷೆ ಬರೆಯಲಿ" ಎಂದರು. ಅವತ್ತೇ ಎಲ್‌ಎಲ್‌ಆರ್ ಆಯಿತು.

30 ದಿನ ಕಳೆದ ಮೇಲೆ ಟೆಸ್ಟ್‌ಗೆ ಹೋಗಬಹುದು. ಅಷ್ಟರಲ್ಲಿ ಗಾಡಿಗೆ ಕೆಂಪು ಎಲ್ ಅಂಟಿಸಿದ್ದಾನೆ. ಮಾಲೀಕರು ಹಿಂದೆ ಕೂತು ದಿನಾ ಸಂಜೆ ಬೈಪಾಸ್‌ವರೆಗೆ ಹೋಗಿ ಬರುತ್ತಾರೆ. ಟೆಸ್ಟ್ ದಿನದ ಚೀಟಿಯನ್ನು ಈಗಲೇ ಬರೆದಿಟ್ಟುಕೊಂಡಿದ್ದಾನೆ, ನಿಮ್ಮ ಮಾತುಗಳನ್ನೇ ಹಾಕಿದ್ದಾನೆ ಮೌನ ಸವಾರ ಅಣ್ಣ.

ಅವನದೊಂದು ಪ್ರಶ್ನೆ ಇದೆ, ಕೇಳು ಎಂದು ಪಕ್ಕದಲ್ಲೇ ಕೂತಿದ್ದಾನೆ. ಬೈಕಿನ ಕನ್ನಡಿ ಸಣ್ಣದು, ಅದರ ಮೇಲೆ ಉಬ್ಬು ಕನ್ನಡಿ ಅಂಟಿಸಿದರೆ ಮಿಕ್ಕ ಜಾಗ ಸಾಕಾಗುತ್ತದಾ? ಯಾವ ಮೂಲೆಗೆ ಹಾಕಬೇಕು?

ಮೌನ ಸವಾರ

ತಮ್ಮಾ, ಕನ್ನಡಿಯ ಹೊರಗಿನ ಕೆಳ ಮೂಲೆಗೆ. ಬೈಕಿಗೆ ಇನ್ನೂ ಸಣ್ಣ ಸೈಜಿನದು ಬರುತ್ತದೆ, ಅದು ತಗೋ. ಅಂಟಿಸುವ ಮೊದಲು ಗಾಡಿ ಮೇಲೆ ಕೂತು ನೋಡು. ನಿನ್ನ ಹೆಗಲು ಅದರಲ್ಲಿ ಸ್ವಲ್ಪವೇ ಕಾಣಬೇಕು, ಉಳಿದದ್ದೆಲ್ಲ ರಸ್ತೆ. ಟೆಸ್ಟ್ ಯಾವತ್ತು ಅಂತ ಇಲ್ಲೇ ಬರೆ.